ಡಬ್ಬಿ ಎಣಿಸುವ ಊರಲ್ಲಿ

ಇಲ್ಲಿ ಜಪಾನಿನಲ್ಲಿ, ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಜಪಾನೀ ಗೆಳೆಯನದು ಒಂದೇ ಪರಿಪಾಠ. ಗುರುವಾರ ಹೊಸ ವಿಡಿಯೋ ಗೇಮು ಬಂದರೆ ಅವತ್ತೇ ಸಂಜೆ ಅದರ ಕಾರ್ಡಿರುವ ಡಬ್ಬಿ ತರುತ್ತಾನೆ, ಶನಿವಾರ ಭಾನುವಾರ ಬಾಗಿಲು ಹಾಕಿಕೊಂಡು ಆಡಿ ಮುಗಿಸುತ್ತಾನೆ, ಸೋಮವಾರ ಮಾರಲು ಹೊರಡುತ್ತಾನೆ. ಒಮ್ಮೆ ನಾನೂ ಜೊತೆಗೆ ಹೋದೆ. ಅಂಗಡಿಯ ಹುಡುಗಿ ಡಬ್ಬಿ ತೆರೆದು, ಉಗುರಿನಷ್ಟಿದ್ದ ಕಾರ್ಡನ್ನು ದೀಪಕ್ಕೆ ಹಿಡಿದು ನೋಡಿ, ಎರಡೂ ಕೈಯಲ್ಲಿ ತಟ್ಟೆಯ ಮೇಲೆ ದುಡ್ಡಿಟ್ಟು ಬಗ್ಗಿದಳು. ಮೊನ್ನೆ ಕೊಟ್ಟಿದ್ದರಲ್ಲಿ ಮುಕ್ಕಾಲು ಪಾಲು ವಾಪಸ್! ನಮ್ಮ ಧಾರವಾಡದಲ್ಲಿ ಪರೀಕ್ಷೆ ಮುಗಿದ ಮರುದಿನ ಗೈಡು ಮಾರುತ್ತಿದ್ದದ್ದು ನೆನಪಾಯಿತು.

ಇಲ್ಲಿ ಹಳೇ ಗೇಮು ಮಾರುವುದು ಕದ್ದುಮುಚ್ಚಿ ನಡೆಯುವ ವ್ಯಾಪಾರವಲ್ಲ. ಗೇಮು ಕಂಪನಿಗಳು ಇದನ್ನು ನಿಲ್ಲಿಸಲು ಕೋರ್ಟಿಗೆ ಹೋಗಿದ್ದವು. 2002ರಲ್ಲಿ ಜಪಾನಿನ ಸುಪ್ರೀಂ ಕೋರ್ಟು, ಒಮ್ಮೆ ಮಾರಿದ ಮೇಲೆ ಮರುಮಾರಾಟ ತಡೆಯುವ ಹಕ್ಕು ನಿಮಗಿಲ್ಲ ಎಂದಿತು. ಡೌನ್‌ಲೋಡ್ ಮಾಡಿದ್ದನ್ನು ಯಾವ ಕೌಂಟರಿಗೆ ಒಯ್ಯುವುದು? ಡಬ್ಬಿ ಇಲ್ಲಿ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ಲೆಕ್ಕ.

ಬ್ರಿಟನ್ನಿನಲ್ಲಿ ಮೊಬೈಲ್ ಗೇಮೂ ಸೇರಿ ಜನ ಸುರಿಯುವ ಹಣದಲ್ಲಿ ಶೇ. 90ರ ಆಸುಪಾಸು ಡಿಜಿಟಲ್. ಇಲ್ಲೋ, 'ಫಾಮಿತ್ಸು' ಎಂಬ ಗೇಮು ಪತ್ರಿಕೆ ಪ್ರತಿವಾರ ಕೊಡುವ ಮಾರಾಟದ ಪಟ್ಟಿಯೇ ಡಬ್ಬಿಗಳ ಪಟ್ಟಿ. ಅದನ್ನಷ್ಟೇ ನೋಡಿದರೆ ಮೋಸಹೋಗುತ್ತೀರಿ. 2022ರ ಸೆಪ್ಟೆಂಬರಿನಲ್ಲಿ ನಿಂಟೆಂಡೊ ಕಂಪನಿಯ 'ಸ್ಪ್ಲಟೂನ್ 3' ಗೇಮು ಬಂತು. ಮೊದಲ ಮೂರು ದಿನಕ್ಕೆ ಫಾಮಿತ್ಸು ಹೇಳಿದ್ದು 19 ಲಕ್ಷ ಚಿಲ್ಲರೆ ಡಬ್ಬಿ. ಡೌನ್‌ಲೋಡನ್ನೂ ಸೇರಿಸಿ ನಿಂಟೆಂಡೊ ಹೇಳಿದ್ದು, ಜಪಾನ್ ಒಂದರಲ್ಲೇ, 34.5 ಲಕ್ಷ. ಡಬ್ಬಿಯ ಊರೆಂದು ಹೆಸರಾದ ಕಡೆಯೂ ಪಟ್ಟಿಗೆ ಕಾಣದ್ದು ಅಷ್ಟಿತ್ತು. ಇನ್ನೊಂದು ಕಡೆಯಿಂದಲೂ ಆ ಪಟ್ಟಿ ಕುರುಡೇ: ನನ್ನ ಗೆಳೆಯ ಮಾರಿದ ಡಬ್ಬಿಯನ್ನು ಮುಂದೆ ಮೂವರು ಆಡಿದರೂ ಅದರ ಲೆಕ್ಕದಲ್ಲಿ ಅದು ಒಂದೇ.

ಗಾಳಿ ತಿರುಗುತ್ತಿದೆ, ಅದೂ ನಿಜ. 2025ರಲ್ಲಿ ಬಂದ 'ಮಾರಿಯೊ ಕಾರ್ಟ್ ವರ್ಲ್ಡ್' ಇಲ್ಲಿ ಡಬ್ಬಿಗೆ 9,980 ಯೆನ್, ಡೌನ್‌ಲೋಡಿಗೆ 8,980. ಆ ಸಾವಿರ ಯೆನ್ನಿಗೆ ನನ್ನ ಗೆಳೆಯ ಬಗ್ಗಲಿಲ್ಲ. ಮಾರಿದರೆ ಅದಕ್ಕಿಂತ ಜಾಸ್ತಿ ಬರುತ್ತದಲ್ಲ!

ಕಳೆದ ಸಲ ಊರಿಗೆ ಹೋಗುವಾಗ ಅಕ್ಕನ ಮಗನಿಗೆ ಸೆಕೆಂಡ್ ಹ್ಯಾಂಡ್ ಪೋಕೆಮಾನ್ ಗೇಮು ಒಂದನ್ನು ಒಯ್ದೆ. ನಿಂಟೆಂಡೊದ ಗೇಮು ಯಂತ್ರ ಸ್ವಿಚ್ಚಿನ ಕಾರ್ಡಿಗೆ ದೇಶದ ಬೀಗ ಇಲ್ಲ, ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿದರಾಯಿತು. ಡಬ್ಬಿಯ ಮೇಲೆ ಜಪಾನೀ ಅಕ್ಷರದ ಬೆಲೆಚೀಟಿ ಹಾಗೇ ಇತ್ತು. ಅವನ ತಂಗಿ ಕಣ್ಣು ತಪ್ಪಿಸಿ ಕಾರ್ಡನ್ನು ನೆಕ್ಕಿ, ಬೇವಿನೆಲೆ ಜಗಿದವರ ಹಾಗೆ ಮುಖ ಕಿವುಚಿದಳು. ಮಕ್ಕಳು ನುಂಗಬಾರದೆಂದು ಅದಕ್ಕೆ ಬೇಕೆಂದೇ ಕಹಿ ಹಚ್ಚಿರುತ್ತಾರೆ. ಹುಡುಗನಿಗೆ ಅದ್ಯಾವುದರ ಕಡೆಗೂ ಲಕ್ಷ್ಯವಿಲ್ಲ. ಡಬ್ಬಿ ತಿರುವಿ ತಿರುವಿ ನೋಡಿ, ಗೆಳೆಯನ ಕಥೆ ಪೂರ್ತಿ ಕೇಳಿ, ಕೊನೆಗೆ ಕೇಳಿದ:

"ಆಡಿ ಮುಗದ ಮ್ಯಾಲೆ ಇದನ್ನ ಇಲ್ಲಿ ಎಲ್ಲಿ ಮಾರೂದು, ಮಾಮಾ?"