ಐಸ್ ಪೆಟ್ಟಿಗೆಯೊಳಗಿನ ಗಂಟೆಗಳು

ಮಡಿಕೇರಿಯಲ್ಲಿ ಬೆಳಿಗ್ಗೆಯಿಂದ ಬಿಡದ ಮಳೆ, ಎದುರಿನ ಗಾಡಿ ಕಾಣದಷ್ಟು ಮಂಜು. ಇಂಥ ದಿನ ಮೈಸೂರಿನ ಸುಮಾರು 120 ಕಿ.ಮೀ. ದಾರಿ ನೋಡಿದರೆ ಅಂಗದಾನದ ಲೆಕ್ಕವೇ ತಲೆಗೆ ಬರುತ್ತದೆ. ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಹೊರತೆಗೆದ ಹೃದಯಕ್ಕಿರುವುದು 4ರಿಂದ 6 ಗಂಟೆ, ಲಿವರ್‌ಗೆ ಸುಮಾರು 12, ಕಿಡ್ನಿಗೆ 24ರಿಂದ 36.

ಮಂಗಳೂರಿಂದ ಘಾಟಿ ಹತ್ತಿ ಬರುವ ಮೀನಿನ ಹಾಗೆ ಅಂಗವನ್ನು ಐಸಿನಲ್ಲಿ ಹೂಳುವುದಿಲ್ಲ. ಐಸ್ ನೇರ ತಗುಲಿದರೆ ಆ ಜಾಗದ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಮೊದಲು ರಕ್ತನಾಳದ ಮೂಲಕ ತಣ್ಣನೆ ದ್ರಾವಣ ಹಾಯಿಸಿ ರಕ್ತವನ್ನೆಲ್ಲ ತೊಳೆಯಬೇಕು. ಆಮೇಲೆ ಒಂದರೊಳಗೊಂದು ಮೂರು ಸ್ಟೆರೈಲ್ ಚೀಲ: ಒಳಗಿನದರಲ್ಲಿ ಅಂಗ ಮುಳುಗುವಷ್ಟು ದ್ರಾವಣ, ನಡುವಿನದರಲ್ಲಿ ತಣ್ಣನೆ ಸಲೈನ್, ಐಸ್ ಇರುವುದು ಎಲ್ಲಕ್ಕೂ ಹೊರಗೆ. ಚೀಲದಲ್ಲಿ ಗಾಳಿ ಉಳಿಯಬಾರದು, ಗಾಳಿ ಇರುವ ಕಡೆ ಚಳಿ ಸರಿಯಾಗಿ ತಟ್ಟುವುದಿಲ್ಲ.

4 ಡಿಗ್ರಿಯಲ್ಲಿ ಜೀವಕೋಶದ ಕೆಲಸ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಕೋಶದೊಳಗಿನ ಸೋಡಿಯಂ ಹೊರಹಾಕುವ ‘ಸೋಡಿಯಂ ಪಂಪ್’ ಸೋತಾಗ ನೀರು ಒಳನುಗ್ಗಿ ಕೋಶ ಊದುತ್ತದೆ. ಅಂಗ ಕಾಪಿಡುವ ಯುಡಬ್ಲ್ಯೂ (ಯೂನಿವರ್ಸಿಟಿ ಆಫ್ ವಿಸ್ಕಾನ್ಸಿನ್) ದ್ರಾವಣದಲ್ಲಿ ಕೋಶದೊಳಗೆ ನುಸುಳದ ದೊಡ್ಡ ಅಣುಗಳಾದ ಲ್ಯಾಕ್ಟೋಬಯೋನೇಟ್, ರಾಫಿನೋಸ್ ಹಾಕುವುದು ಅದನ್ನು ತಡೆಯಲೆಂದೇ. ಅದರಲ್ಲಿ ಪೊಟ್ಯಾಸಿಯಂ ಬಹಳ, ಲೀಟರಿಗೆ ಸುಮಾರು 125 ಮಿಲಿಮೋಲ್. ಕಸಿ ಮಾಡುವಾಗ ಲಿವರ್‌ನಿಂದ ಈ ದ್ರಾವಣ ತೊಳೆಯದೆ ರಕ್ತ ಹರಿಯಬಿಟ್ಟರೆ ಆ ಪೊಟ್ಯಾಸಿಯಂನಿಂದ ರೋಗಿಯ ಹೃದಯವೇ ನಿಂತೀತು.

37 ಡಿಗ್ರಿಯಲ್ಲಿ ಆಮ್ಲಜನಕಭರಿತ ರಕ್ತ ಹರಿಸುವ ಯಂತ್ರ ಇದಕ್ಕಿಂತ ಎಷ್ಟೋ ಮೇಲು ಅನ್ನಿಸುತ್ತದೆ. ಅದರಲ್ಲಿ ಲಿವರ್ ಪಿತ್ತರಸ ಸುರಿಸುತ್ತದೆ, ಆಮ್ಲಜನಕ ಸಾಲದಾಗ ಸೇರುವ ಲ್ಯಾಕ್ಟೇಟನ್ನು ಇಳಿಸುತ್ತದೆ. ಕಸಿಗೆ ಮುಂಚೆಯೇ ಅದರ ಶಕ್ತಿ ಕಣ್ಣಿಗೆ ಕಾಣುತ್ತದೆ. ಆದರೆ ಪಂಪ್ ನಿಂತರೆ ಬೆಚ್ಚಗಿನ ಅಂಗ ಬೇಗ ಕೆಡುತ್ತದೆ. ಹಾಗಾಗಿ ಘಾಟಿ ರಸ್ತೆಯಲ್ಲಿ ಹೆಚ್ಚುವರಿ ಬ್ಯಾಟರಿಯೂ ಬೇಕು, ತಣ್ಣನೆ ದ್ರಾವಣವೂ ಬೇಕು.