ಎರಡು ಮಿಲಿಮೀಟರಿನ ಶಂಖಕ್ಕೆ ಹೆಸರಿಡುವ ಪಾಡು

ಪ್ಯಾರಿಸ್ಸಿಗೆ ಸಮುದ್ರವಿಲ್ಲ. ಆದರೂ ಇಲ್ಲಿ ನನ್ನ ಕಣ್ಣೆದುರು ದಿನವಿಡೀ ಇರುವುದು ಉಷ್ಣವಲಯದ ಹವಳದ ದಿಬ್ಬಗಳ ಮರಳು. ಅದನ್ನು ಜರಡಿ ಹಿಡಿದು, ತಟ್ಟೆಯಲ್ಲಿ ಹರಡಿ, ಸೂಕ್ಷ್ಮದರ್ಶಕದಡಿ ಸಾಸಿವೆ ಗಾತ್ರದ ಶಂಖಗಳನ್ನು ಒದ್ದೆ ಕುಂಚದ ತುದಿಯಿಂದ ಎತ್ತುತ್ತೇನೆ. ಚಿಮುಟದಲ್ಲಿ ಹಿಡಿದರೆ ಸಿಡಿದು ಹೋಗುತ್ತವೆ, ಆಮೇಲೆ ನೆಲದ ಮೇಲೆ ಹುಡುಕಿ ಪ್ರಯೋಜನವಿಲ್ಲ.

ಊರಿನಿಂದ ಫೋನು ಬಂದಾಗಲೆಲ್ಲ ಒಂದೇ ಪ್ರಶ್ನೆ: "ಹೊಸ ಪ್ರಭೇದ ಸಿಕ್ಕಿತೇ?" ಸಿಗುತ್ತಲೇ ಇರುತ್ತದೆ ಎಂದರೆ ನಂಬುವುದಿಲ್ಲ. ಪೆಸಿಫಿಕ್ ಸಾಗರದ ದ್ವೀಪ ನ್ಯೂ ಕ್ಯಾಲೆಡೋನಿಯಾದ ಕೂಮಾಕ್ ಬಳಿ 295 ಚದರ ಕಿಲೋಮೀಟರ್ ಜಾಗದಲ್ಲಿ ಶಂಖತಜ್ಞ ಫಿಲಿಪ್ ಬೂಶೆ ಮತ್ತು ಸಂಗಡಿಗರು ಲೆಕ್ಕ ಹಾಕಿದ ಮೃದ್ವಂಗಿ (ಶಂಖ, ಕಪ್ಪೆಚಿಪ್ಪುಗಳಂತಹ ಮೆದುದೇಹದ ಜೀವಿ) ಪ್ರಭೇದಗಳು 2,738. ಆ ಲೆಕ್ಕ 2002ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಮೂರನೇ ಒಂದು ಭಾಗದಷ್ಟು ಬೆಳೆದ ಮೇಲೂ 4.1 ಮಿಲಿಮೀಟರ್ ದಾಟದವು. ಐದರಲ್ಲೊಂದು ಪ್ರಭೇದಕ್ಕೆ ಸಿಕ್ಕಿದ್ದು ಒಂದೇ ಒಂದು ಮಾದರಿ. ಒಂದೇ ಚಿಪ್ಪನ್ನು ಕೈಯಲ್ಲಿಟ್ಟುಕೊಂಡು ಇದು ಬೇರೆ ಪ್ರಭೇದವೋ, ಗೊತ್ತಿರುವುದರ ಮರಿಯೋ, ಅಂಗವಿಕಲವೋ ಎಂದು ತೀರ್ಮಾನಿಸುವುದರಲ್ಲೇ ಜೀವ ಹೋಗುತ್ತದೆ.

ಟ್ರೈಫೊರಿಡೇ ಕುಟುಂಬವನ್ನೇ ನೋಡಿ. ಸ್ಪಂಜುಗಳನ್ನು ತಿಂದು ಬದುಕುವ, ಮಣಿಮಣಿ ಪೋಣಿಸಿದಂತಹ ಸಪೂರ ಶಂಖಗಳಿವು. ತುದಿ ಮೇಲೆ ಮಾಡಿ ಬಾಯನ್ನು ನಮ್ಮತ್ತ ತಿರುಗಿಸಿದರೆ ಹೆಚ್ಚಿನ ಶಂಖಗಳ ಬಾಯಿ ಬಲಕ್ಕಿರುತ್ತದೆ, ಇವುಗಳದು ಎಡಕ್ಕೆ. ಕುಟುಂಬ ಗುರುತಿಸುವುದು ಇಷ್ಟು ಸುಲಭ. ಸುಲಭ ಅಲ್ಲಿಗೆ ಮುಗಿಯಿತು. ಎರಡು ಪ್ರಭೇದಗಳ ಚಿಪ್ಪು ಕೆಳಗಿನಿಂದ ಮುಕ್ಕಾಲು ಎತ್ತರದವರೆಗೆ ಒಂದೇ ಅಚ್ಚಿನಂತಿದ್ದು, ಬೇರೆಯಾಗುವುದು ತುತ್ತತುದಿಯಲ್ಲಿ, ಅಂದರೆ ಮರಿಯಾಗಿದ್ದಾಗ ಕಟ್ಟಿಕೊಂಡ ಪ್ರೊಟೊಕಾಂಕಿನಲ್ಲಿ. ಅದರಲ್ಲಿ ಹಲವು ಸಣ್ಣ ಸುತ್ತುಗಳಿದ್ದರೆ ಮರಿ ನೀರಿನಲ್ಲಿ ತೇಲುತ್ತ, ಉಣ್ಣುತ್ತ ಬೆಳೆದಿತ್ತೆಂದು ಊಹಿಸಬಹುದು. ಒಂದೆರಡೇ ಸುತ್ತು, ತುದಿ ಉಬ್ಬಿದ್ದರೆ ತತ್ತಿಯ ಭಂಡಾರವನ್ನೇ ನೆಚ್ಚಿ ಬೆಳೆದದ್ದು. ಆಮೇಲೆ ನಡುವಿನ ಮಣಿಸಾಲು ಎಷ್ಟನೆಯ ಸುತ್ತಿನಲ್ಲಿ ಶುರುವಾಗುತ್ತದೆ ಎಂದು ಎಣಿಸಬೇಕು. ದುರದೃಷ್ಟವೆಂದರೆ ಅಲೆಗೆ ಸಿಕ್ಕಿ ಮೊದಲು ಮುರಿಯುವುದು ಆ ತುದಿಯೇ. ಮುರಿದ ಚಿಪ್ಪು ಎಷ್ಟೇ ಸುಂದರವಾಗಿರಲಿ, ಅದರ ಚೀಟಿಯಲ್ಲಿ ಕುಲದ ಹೆಸರಿಗಿಂತ ಹೆಚ್ಚು ಬರೆಯುವುದು ನನ್ನ ಮಟ್ಟಿಗೆ ಉದ್ಧಟತನ.

ಪಿರಮಿಡೆಲ್ಲಿಡೇ ಕುಟುಂಬ ಇನ್ನೊಂದು ಬಗೆಯ ಕಿಲಾಡಿ: ಮರಿಚಿಪ್ಪು ಎಡಕ್ಕೆ ಸುತ್ತಿ, ಬೆಳೆದ ಚಿಪ್ಪು ಬಲಕ್ಕೆ ಸುತ್ತುವುದರಿಂದ ತುದಿ ಓರೆಯಾಗಿ ಕುಳಿತಿರುತ್ತದೆ. ಸೀಕಮ್ ಎಂಬ ಕುಲದ ಶಂಖವಂತೂ ಆರಂಭದ ಸುರುಳಿಯನ್ನೇ ಕಳಚಿ, ತೂತನ್ನು ಮುಚ್ಚಿ, ಬಾಗಿದ ಕೊಳವೆಯಾಗಿ ಉಳಿಯುತ್ತದೆ. ಶಂಖವೆಂದು ಹೇಳಿದರೂ ಯಾರೂ ಒಪ್ಪುವುದಿಲ್ಲ.

ವಿವರಣೆ ಬರೆಯುವಾಗ ಎತ್ತರ, ಅಗಲ, ಸುತ್ತುಗಳ ಸಂಖ್ಯೆ, ಉದ್ದದ ಮತ್ತು ಅಡ್ಡದ ಏಣುಗಳು, ಬಾಯಿಯ ಅಂಚು ದಪ್ಪವೋ ತೆಳುವೋ, ಎಲ್ಲವೂ ಬೇಕು. ಅಂಚು ದಪ್ಪಗಾಗಿರುವುದು ಅನೇಕ ಕುಟುಂಬಗಳಲ್ಲಿ ಬೆಳವಣಿಗೆ ಮುಗಿದ ಗುರುತು. "ಮನೋಹರ" ಎಂಬಂತಹ ಮಾತನ್ನು ನಾನು ಹೊಡೆದು ಹಾಕುತ್ತೇನೆ. ಹೆಸರಿಗೆ ಆಧಾರವಾದ ಮಾದರಿಯನ್ನು ಸಂಗ್ರಹಾಲಯದಲ್ಲಿ ಜೋಪಾನ ಮಾಡಬೇಕು, ಅದೂ ಓಕ್ ಮರದ ಬೀರುವಿನಲ್ಲಿ ಖಂಡಿತ ಬೇಡ: ಆ ಮರ ಹೊರಬಿಡುವ ಆಮ್ಲದ ಆವಿಗೆ ಚಿಪ್ಪಿನ ಸುಣ್ಣ ಬಿಳಿ ಪುಡಿಯಾಗುತ್ತದೆ.

ಕಡಲತೀರದಿಂದ ನನಗೆ ಚಿತ್ರ ಕಳುಹಿಸುವ ಗೆಳೆಯರಲ್ಲಿ ಒಂದು ವಿನಂತಿ. ಬಾಯಿ ಕಾಣಬೇಕು, ತುದಿ ಕಾಣಬೇಕು, ಪಕ್ಕದಲ್ಲಿ ಅಳತೆಪಟ್ಟಿ ಇರಬೇಕು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಬಳಸಬೇಡಿ. ಅದು ಎಡಬಲ ಮಗುಚಿದರೆ ನಾನು ಹೇಳುವ ಕುಟುಂಬವೇ ತಪ್ಪಾಗುತ್ತದೆ.