ಜೀಪಿನ ಗಿಯರ್‌ಬಾಕ್ಸ್: ಸೀಳಿದ ಪಿನಿಯನ್‌ಗೆ ಜೋಡಿ ಹುಡುಕಿದ್ದು

ರಿಮೋಟ್ ಜೀಪಿನ ರಿಪೇರಿ ಈಗ ಗಿಯರ್‌ಬಾಕ್ಸ್‌ಗೆ ಬಂದಿದೆ. ಮೋಟಾರ್ ಸರಿಯಾಗಿದೆ, ಬ್ಯಾಟರಿಯೂ ಸರಿಯಾಗಿದೆ. ಆದರೆ ಓಡಿಸಿದರೆ ಟಕ್ ಟಕ್ ಅಂತ ಒಂದೇ ಸಮನೆ ಸದ್ದು. ಏರು ಸಿಕ್ಕಿದರೆ ಮೋಟಾರ್ ಕೂಗುತ್ತದೆ, ಚಕ್ರ ಅಲ್ಲೇ ನಿಲ್ಲುತ್ತದೆ. ಮುಚ್ಚಳ ತೆಗೆದಾಗ ಕಾರಣ ಸಿಕ್ಕಿತು. ಮೋಟಾರಿನ ಶಾಫ್ಟ್ ಮೇಲಿನ ಚಿಕ್ಕ ಬಿಳಿ ಗಿಯರ್, ಅಂದರೆ ಪಿನಿಯನ್, ಎರಡು ಹಲ್ಲುಗಳ ನಡುವೆ ಉದ್ದಕ್ಕೆ ಸೀಳಿದೆ. ಸೀಳಿದ ಕಡೆ ಸಂದು ಅಗಲವಾಗಿದೆ. ಸುತ್ತಿಗೊಮ್ಮೆ ಆ ಸಂದು ಬಂದಾಗ ಹಲ್ಲು ಸರಿಯಾಗಿ ಕೂರದೆ ಟಕ್ ಅನ್ನುತ್ತದೆ.

ಮೋಟಾರ್ 130 ಅಳತೆಯದು, ಆಟಿಕೆಗಳಲ್ಲಿ ಎಲ್ಲೆಲ್ಲೂ ಸಿಗುವ ಜಾತಿ. ಶಾಫ್ಟ್ 2 ಮಿ.ಮೀ. ಪಿನಿಯನ್‌ಗೆ 8 ಹಲ್ಲು. ಇಂಥ ಪಿನಿಯನ್ ಸೀಳುವುದು ಆಶ್ಚರ್ಯವೇನಲ್ಲ. 0.5 ಮಾಡ್ಯೂಲ್‌ನ (ಮಾಡ್ಯೂಲ್ ಅಂದರೆ ಹಲ್ಲಿನ ಗಾತ್ರದ ಅಳತೆ) 8 ಹಲ್ಲಿನ ಗಿಯರ್‌ನಲ್ಲಿ ಹಲ್ಲಿನ ಬುಡದ ವ್ಯಾಸ ಸುಮಾರು 2.75 ಮಿ.ಮೀ. ಅದರಲ್ಲಿ 2 ಮಿ.ಮೀ. ಶಾಫ್ಟಿಗೇ ಹೋಯಿತು. ಸುತ್ತ ಉಳಿಯುವ ಗೋಡೆ 0.4 ಮಿ.ಮೀ.ಗಿಂತ ಕಡಿಮೆ. ಅದೂ ಸದಾ ಬಿಗಿದುಕೊಂಡೇ ಇರಬೇಕು, ಯಾಕೆಂದರೆ ತೂತನ್ನು ಶಾಫ್ಟಿಗಿಂತ ಸ್ವಲ್ಪ ಕಿರಿದಾಗಿಯೇ ಮಾಡಿರುತ್ತಾರೆ. ವರ್ಷಗಟ್ಟಲೆ ಹಾಗೆ ಬಿಗಿದುಕೊಂಡಿದ್ದರೆ ಒಂದು ದಿನ ಸೀಳುತ್ತದೆ. ಫೆವಿಕ್ವಿಕ್ ಹಾಕುವ ಯೋಚನೆ ಬೇಡ. ಈ ನುಣುಪು ಪ್ಲಾಸ್ಟಿಕ್ ಅಂಟನ್ನು ಹಿಡಿಯುವುದಿಲ್ಲ.

ಅಳತೆ

ಅಂಗಡಿಗೆ ಹೋಗಿ "ಎಂಟು ಹಲ್ಲಿನದು ಕೊಡಿ" ಅಂದರೆ ಸಾಲದು. ಹಲ್ಲಿನ ಗಾತ್ರ ಹೊಂದಬೇಕು, ಅದೇ ಮಾಡ್ಯೂಲ್. ಲೆಕ್ಕ ಸುಲಭ: ಹಲ್ಲಿನ ಸಂಖ್ಯೆಗೆ 2 ಕೂಡಿಸಿ, ಅದರಿಂದ ಹೊರ ವ್ಯಾಸವನ್ನು ಭಾಗಿಸುವುದು. ನನ್ನ ಪಿನಿಯನ್‌ಗೆ ವರ್ನಿಯರ್ ಹಿಡಿದರೆ 5.3 ಮಿ.ಮೀ. ಬಂತು. 10ರಿಂದ ಭಾಗಿಸಿದರೆ 0.53. ಇಲ್ಲೇ ತಲೆ ಕೆಡುವುದು. ಆರ್‌ಸಿ (ರಿಮೋಟ್) ಕಾರುಗಳಲ್ಲಿ ಬಳಸುವ 48 ಪಿಚ್ ಅನ್ನೋ ಇಂಚಿನ ಲೆಕ್ಕದ ಗಿಯರ್ ಇದೆಯಲ್ಲ, ಅದರ ಮಾಡ್ಯೂಲ್ ಕೂಡ 0.529. ಹಾಗಾದರೆ ಇದು 48 ಪಿಚ್ಚೇ?

ಪಿನಿಯನ್ ಹೇಳುವುದನ್ನು ನಾನು ನಂಬುವುದಿಲ್ಲ. ಒಂದು, ಇದು ಸೀಳಿ ಬಾಯಿ ಬಿಟ್ಟಿದೆ, ವ್ಯಾಸ ಹಿಗ್ಗಿರುತ್ತದೆ. ಎರಡು, ಸಾಮಾನ್ಯ 20 ಡಿಗ್ರಿ ಒತ್ತಡ ಕೋನದ (ಹಲ್ಲು ಹಲ್ಲನ್ನು ಒತ್ತುವ ಓರೆ) ಗಿಯರ್‌ನಲ್ಲಿ 17ಕ್ಕಿಂತ ಕಡಿಮೆ ಹಲ್ಲಿದ್ದರೆ ಹಲ್ಲಿನ ಬುಡ ಸವೆದಂತೆ ತೆಳ್ಳಗಾಗುತ್ತದೆ. ಅದನ್ನು ತಪ್ಪಿಸಲು ಎಷ್ಟೋ ತಯಾರಕರು ಚಿಕ್ಕ ಪಿನಿಯನ್ನನ್ನು ಬೇಕೆಂದೇ ಸ್ವಲ್ಪ ದಪ್ಪ ಮಾಡುತ್ತಾರೆ. ಹಲ್ಲು ಬೆಸ ಸಂಖ್ಯೆಯಲ್ಲಿದ್ದರೆ ಇನ್ನೊಂದು ಕಿರಿಕಿರಿ. ಒಂದು ಹಲ್ಲಿನ ಎದುರಿಗೆ ಹಲ್ಲು ಇರುವುದಿಲ್ಲ, ಸಂದು ಇರುತ್ತದೆ. ನಿಜಕ್ಕೂ 5.5 ಇರುವ 9 ಹಲ್ಲಿನ ಗಿಯರ್ ವರ್ನಿಯರ್‌ನಲ್ಲಿ 5.33 ತೋರಿಸುತ್ತದೆ.

ಅದರ ಬದಲು ಪಿನಿಯನ್ ಯಾವುದಕ್ಕೆ ಹಲ್ಲು ಕೊಡುತ್ತದೋ ಆ ದೊಡ್ಡ ಗಿಯರನ್ನು ಅಳೆಯಬೇಕು. ನನ್ನದಕ್ಕೆ 42 ಹಲ್ಲು. ಎಣಿಸುವಾಗ ಒಂದು ಹಲ್ಲಿಗೆ ಮಾರ್ಕರ್ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಎಲ್ಲಿ ಶುರು ಮಾಡಿದೆ ಅಂತಲೇ ಮರೆತುಹೋಗುತ್ತದೆ. ಹೊರ ವ್ಯಾಸ 21.95. ಅದನ್ನು 44ರಿಂದ ಭಾಗಿಸಿದರೆ ಹತ್ತಿರ ಹತ್ತಿರ 0.5. 48 ಪಿಚ್ ಆಗಿದ್ದರೆ 23.28 ಬರಬೇಕಿತ್ತು. ವರ್ನಿಯರ್ ಎಷ್ಟೇ ಅಗ್ಗದ್ದಾದರೂ ಒಂದೂಕಾಲು ಮಿ.ಮೀ. ಮೋಸ ಮಾಡುವುದಿಲ್ಲ ಅಲ್ವಾ? ದೊಡ್ಡ ಗಿಯರ್‌ನಲ್ಲಿ ಅಳತೆಯ ತಪ್ಪು 44 ಪಾಲಾಗಿ ಹಂಚಿಹೋಗುತ್ತದೆ, ಅದಕ್ಕೇ ಅದು ನಂಬಿಕಸ್ಥ.

ಕಳಚುವುದು

ಸೀಳಿದ ಪಿನಿಯನ್ ಕೈಗೇ ಬಂತು, ಅದರಲ್ಲಿ ಹೇಳುವಂಥದ್ದೇನಿಲ್ಲ. ಆದರೆ ಹಳೆ ಪ್ರಿಂಟರಿನ ಮೋಟಾರ್‌ಗಳಿಂದಲೂ ಒಂದಷ್ಟು ಪಿನಿಯನ್ ತೆಗೆದಿಟ್ಟುಕೊಂಡೆ, ಅವು ಸತಾಯಿಸಿದವು. ಸ್ಕ್ರೂಡ್ರೈವರ್ ತೂರಿಸಿ ಒಂದೇ ಪಕ್ಕದಿಂದ ಮೀಟಿದರೆ ಶಾಫ್ಟ್ ಬಾಗುತ್ತದೆ, ಮೋಟಾರಿನ ಮುಖವೂ ತಗ್ಗಾಗುತ್ತದೆ. ಪುಲ್ಲರ್ ಇದ್ದರೆ ಒಳ್ಳೆಯದು. ಅದರ ಕೊಕ್ಕೆ ಗಿಯರನ್ನು ಹಿಡಿಯುತ್ತದೆ, ನಡುವಿನ ಸ್ಕ್ರೂ ಶಾಫ್ಟನ್ನು ತಳ್ಳುತ್ತದೆ. ಬಲವೆಲ್ಲ ಅವೆರಡರ ನಡುವೆಯೇ ಮುಗಿಯುತ್ತದೆ, ಶಾಫ್ಟನ್ನು ಹಿಡಿದಿರುವ ಬುಷ್‌ಗೆ ಏನೂ ಆಗುವುದಿಲ್ಲ. ಹಿತ್ತಾಳೆಯದನ್ನು ಮೊದಲು ಸೋಲ್ಡರಿಂಗ್ ಐರನ್‌ನಿಂದ ಸ್ವಲ್ಪ ಹೊತ್ತು ಕಾಯಿಸಬೇಕು. ಉಕ್ಕಿಗಿಂತ ಹಿತ್ತಾಳೆ ಜಾಸ್ತಿ ಹಿಗ್ಗುತ್ತದೆ, ಒಳಗೆ ಅಂಟು ಹಾಕಿದ್ದರೆ ಅದೂ ಸಡಿಲವಾಗುತ್ತದೆ. ತುಂಬಾ ಹೊತ್ತು ಬೇಡ, ಮೋಟಾರಿನ ಹಿಂದಿನ ಮುಚ್ಚಳ ಪ್ಲಾಸ್ಟಿಕ್ಕು.

ಪ್ರಿಂಟರ್ ಮೋಟಾರಿನಲ್ಲಿ ಹಲ್ಲು ಕಂಡದ್ದೆಲ್ಲ ಗಿಯರ್ ಅಲ್ಲ, ಇದನ್ನೂ ಗಮನಿಸಿ. ಕೆಲವು ಬೆಲ್ಟಿನ ಪುಲ್ಲಿಗಳು. ಹಲ್ಲುಗಳ ಅಂತರ 2 ಮಿ.ಮೀ. ಆಸುಪಾಸು ಇರುತ್ತದೆ. 0.5 ಮಾಡ್ಯೂಲ್ ಗಿಯರ್‌ನಲ್ಲಿ 1.57 ಮಾತ್ರ. ಪುಲ್ಲಿಯನ್ನು ಗಿಯರ್‌ಗೆ ಜೋಡಿಸಲು ಬರುವುದಿಲ್ಲ.

ಹೊಸದು

ಪ್ಲಾಸ್ಟಿಕ್ ಪಿನಿಯನ್ ಪಾಕೆಟ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಅವುಗಳ ಮೇಲಿನ ಸಂಕೇತ ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. 082ಎ ಅಂದರೆ 8 ಹಲ್ಲು, 2 ಮಿ.ಮೀ. ಶಾಫ್ಟ್, ಬಿಗಿಯಾಗಿ ಕೂರುವುದು. ಕೊನೆಯಲ್ಲಿ ಬಿ ಇದ್ದರೆ ಸಡಿಲ, ಶಾಫ್ಟ್ ಮೇಲೆ ಸುಮ್ನೆ ತಿರುಗುತ್ತದೆ. ಮೋಟಾರಿಗೆ ಬೇಕಾದದ್ದು ಎ.

9 ಹಲ್ಲಿನದು ಹಾಕಿದರೆ ವೇಗ ಎಂಟನೇ ಒಂದು ಪಾಲು ಏರುತ್ತದೆ, ಗೋಡೆಯೂ ದಪ್ಪ. ಆಸೆಯೇನೋ ಆಯಿತು. ಆದರೆ ಈ ಡಬ್ಬಿಯಲ್ಲಿ ಮೋಟಾರಿನ ಜಾಗ ಕದಲುವುದಿಲ್ಲ. 8 ಮತ್ತು 42 ಹಲ್ಲಿನ ಗಿಯರ್‌ಗಳ ನಡುಬಿಂದುಗಳ ಅಂತರ 12.5 ಮಿ.ಮೀ., 9 ಆದರೆ 12.75 ಬೇಕು. ಆ ಕಾಲು ಮಿ.ಮೀ.ಗೆ ಜಾಗ ಇಲ್ಲ, ತುರುಕಿದರೆ ಹಲ್ಲು ಹಲ್ಲಿಗೆ ಒತ್ತಿ ಬಿಗಿಯುತ್ತದೆ. ಹಾಗಾಗಿ 8ಕ್ಕೇ ಒಪ್ಪಿಕೊಂಡೆ.

ಕೂರಿಸುವ ಮೊದಲು ಪಿನಿಯನ್ನನ್ನು ಬಿಸಿನೀರಿಗೆ ಹಾಕಿದೆ, ತೂತು ತುಸು ಹಿಗ್ಗಲಿ ಅಂತ. ಮೋಟಾರಿನ ಹಿಂದಿನ ತೂತಿನಲ್ಲಿ ಶಾಫ್ಟ್ ತುದಿ ಕಾಣುತ್ತದೆ. ಅದರ ಕೆಳಗೆ ಒಂದು ಮೊಳೆಯ ತುಂಡು ಆಸರೆ ಕೊಟ್ಟು, ವೈಸ್‌ನಲ್ಲಿ ನಿಧಾನಕ್ಕೆ ಒತ್ತಿದೆ. ಆಸರೆ ಇಲ್ಲದೆ ಒತ್ತಿದರೆ ಪ್ಲಾಸ್ಟಿಕ್ ಮುಚ್ಚಳವೇ ಆ ಭಾರ ಹೊರಬೇಕಾಗುತ್ತದೆ.

ಈಗ ಕೈಯಲ್ಲಿ ತಿರುಗಿಸಿದರೆ ಸುತ್ತಿನುದ್ದಕ್ಕೂ ಒಂದೇ ಹಗುರ, ಹಲ್ಲುಗಳ ನಡುವೆ ಕೂದಲೆಳೆಯಷ್ಟು ಆಟ ಇದೆ. ಸದ್ದು ಹೋಗಿದೆ. ಪ್ಲಾಸ್ಟಿಕ್‌ಗೆ ಹೊಂದುವ ಸಿಲಿಕಾನ್ ಗ್ರೀಸ್ ತಂದ ಮೇಲೆ ಮುಚ್ಚಳ ಹಾಕುತ್ತೇನೆ. ಆಮೇಲೆ ಸ್ಟೀರಿಂಗ್ ಕಡೆ ಕೈ ಹಾಕಬೇಕು.